ಸ್ವಯಂಸೇವಕರಿಗೆ ಬೇಕು ಸ್ಥಳೀಯ ಸಂಸ್ಕೃತಿಯ ತಿಳಿವಳಿಕೆ

ಮಾನ್ಯ ಸಂಪಾದಕರೇ,

ವಿದೇಶಕ್ಕೆ ಸ್ವಯಂಸೇವಕರಾಗಿ ಹೊರಡುವ ಯುವಜನರಿಗೆ ವೀಸಾ, ಲಸಿಕೆ, ವಿಮೆಗಳ ಬಗ್ಗೆ ಸಿಗುವಷ್ಟು ಮಾಹಿತಿ ಅಲ್ಲಿನ ಜನರೊಡನೆ ಬೆರೆಯುವ ಬಗೆಯ ಕುರಿತು ಸಿಗುತ್ತಿಲ್ಲ. 1961ರಲ್ಲಿ ಆರಂಭವಾದ ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆಯಾದ ಪೀಸ್ ಕೋರ್, ಸ್ವಯಂಸೇವಕರನ್ನು ಕೆಲಸಕ್ಕೆ ಹಚ್ಚುವ ಮೊದಲು ಸುಮಾರು 3 ತಿಂಗಳು ತರಬೇತಿ ನೀಡಿ, ಸಾಮಾನ್ಯವಾಗಿ ಸ್ಥಳೀಯ ಕುಟುಂಬಗಳೊಂದಿಗೆ ಇರಿಸಿ, ಭಾಷೆ, ನಡವಳಿಕೆಗಳನ್ನು ಕಲಿಸುತ್ತದೆ. ಅಲ್ಪಾವಧಿಗೆ ಹೋಗುವವರಿಗೆ, ನಾನು ಕಂಡಂತೆ, ಈ ಭಾಗ್ಯವಿಲ್ಲ.

ನಾನು ಮೊದಲ ಸಲ ಸ್ವಯಂಸೇವಕನಾಗಿ ವಿದೇಶಕ್ಕೆ ಹೋದಾಗ, ಸಭೆಯಲ್ಲಿ ಹಿರಿಯರೊಬ್ಬರು ತಲೆ ತಗ್ಗಿಸಿ ಸುಮ್ಮನಿದ್ದುದನ್ನು ಒಪ್ಪಿಗೆಯೆಂದೇ ತಿಳಿದು ಮರುದಿನವೇ ಕೆಲಸ ಶುರುಮಾಡಿಬಿಟ್ಟೆ. ಅದು ಎಲ್ಲರೆದುರು ನನಗೆ ಮುಖಭಂಗವಾಗದಿರಲೆಂದು ಅವರು ತೋರಿದ ಸೌಜನ್ಯದ ನಿರಾಕರಣೆಯಾಗಿತ್ತೆಂದು ನಾನಿದ್ದ ಮನೆಯ ತಾಯಿ ಬಿಡಿಸಿ ಹೇಳಿದಾಗಲೇ ಅರಿವಾದದ್ದು. ಆದ್ದರಿಂದ ಕಳುಹಿಸುವ ಸಂಸ್ಥೆಗಳು ಮೊದಲ ಕೆಲವು ವಾರಗಳನ್ನು ನೋಡಿ, ಕೇಳಿ ಕಲಿಯುವುದಕ್ಕೆಂದೇ ಮೀಸಲಿಟ್ಟು, ಸ್ಥಳೀಯರೊಬ್ಬರನ್ನು ಸೂಕ್ತ ಸಂಭಾವನೆ ಕೊಟ್ಟು ಮಾರ್ಗದರ್ಶಕರನ್ನಾಗಿ ನೇಮಿಸಬೇಕು.

ಇತಿ,
ಒಬ್ಬ ಓದುಗ