ಒಂದೇ ಅಂಕಿ ನಂಬಿ ದಂಡ ಹಾಕಬೇಡಿ

ಮಾನ್ಯರೆ,

ಚಾರ್ಮಾಡಿ ಘಾಟಿ ಏರುವಾಗ ನನ್ನ ಮ್ಯಾಕ್ಸಿಕ್ಯಾಬ್ ಗಂಟೆಗೆ 94 ಕಿ.ಮೀ. ವೇಗದಲ್ಲಿತ್ತು ಎಂಬ ಜಿಪಿಎಸ್ ಟ್ರ್ಯಾಕರ್ (ಗಾಡಿಯ ಸ್ಥಾನ, ವೇಗ ದಾಖಲಿಸುವ ಉಪಕರಣ) ಅಂಕಿ ನಂಬಿ, ಬಾಡಿಗೆಗೆ ಪಡೆದ ಕಂಪನಿಯವರು ಕಳೆದ ತಿಂಗಳ ಬಿಲ್ಲಿನಲ್ಲಿ ದಂಡ ಮುರಿದುಕೊಂಡಿದ್ದಾರೆ. ಕೊಟ್ಟಿಗೆಹಾರದ ಕೆಳಗಿನ ಆ ತಿರುವುಗಳನ್ನು ಕಂಡವರಿಗೆ ಗೊತ್ತು, ಅಲ್ಲಿ ತುಂಬಿದ ಗಾಡಿ 25 ದಾಟುವುದೇ ಕಷ್ಟ. ಸಾಲದ್ದಕ್ಕೆ ಗಾಡಿಗೆ 80ರ ವೇಗ ನಿಯಂತ್ರಕವೂ ಇದೆ. ಕೇಳಿದರೆ, ‘ಜಿಪಿಎಸ್ ಸುಳ್ಳು ಹೇಳುವುದಿಲ್ಲ’ ಎಂದರು.

ಬಯಲು ಹೆದ್ದಾರಿಯಲ್ಲಿ ಅದು ನಿಜವೇ. ಉಪಗ್ರಹದ ಸಂಕೇತದ ಕಂಪನಾಂಕದಲ್ಲಾಗುವ (ಫ್ರೀಕ್ವೆನ್ಸಿ) ಏರಿಳಿತದಿಂದ ವೇಗ ಅಳೆಯುವ ಉಪಕರಣ ಅಲ್ಲಿ ಗಂಟೆಗೆ ಒಂದು ಕಿ.ಮೀ. ಕೂಡ ತಪ್ಪುವುದು ಅಪರೂಪ. ಗಾಡಿಯ ಮೀಟರ್ ಸಾಮಾನ್ಯವಾಗಿ ತುಸು ಹೆಚ್ಚು ತೋರಿಸುವುದರಿಂದ, ಅದಕ್ಕಿಂತ ಟ್ರ್ಯಾಕರ್ ಅಂಕಿಯೇ ನಿಖರ ಎಂದು ನಾನೂ ಒಪ್ಪುತ್ತೇನೆ.

ಘಾಟಿಯ ಮಾತು ಬೇರೆ. ಗುಡ್ಡ ಆಕಾಶವನ್ನು ಮುಚ್ಚಿದಾಗ ಸಿಗುವ ಉಪಗ್ರಹಗಳು ಕಡಿಮೆ. ಸಿಕ್ಕ ಸಂಕೇತವೂ ಬಂಡೆಗೆ ಬಡಿದು ಸುತ್ತಿ ಬರುವುದರಿಂದ ಸ್ಥಾನದ ಲೆಕ್ಕ ತಪ್ಪುತ್ತದೆ. ಎರಡು ಸ್ಥಾನಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿ ವೇಗ ಕಂಡುಹಿಡಿಯುವ ತಂತ್ರಾಂಶವಾದರಂತೂ ಮುಗಿಯಿತು. ಐದು ಸೆಕೆಂಡಿನಲ್ಲಿ ಸ್ಥಾನ 100 ಮೀಟರ್ ತಪ್ಪಿ ಜಿಗಿದರೆ, ನಿಂತ ಗಾಡಿಯೂ 72 ಕಿ.ಮೀ. ವೇಗದಲ್ಲಿ ಓಡಿದಂತೆ ದಾಖಲಾಗುತ್ತದೆ. ಬೆಂಗಳೂರಿನ ಮೇಲ್ಸೇತುವೆಗಳಲ್ಲಿ ಇನ್ನೊಂದು ತೊಂದರೆ: ವೇಗ ಸರಿಯಿದ್ದರೂ ಗಾಡಿ ಕೆಳಗಿನ ಸರ್ವಿಸ್ ರಸ್ತೆಯಲ್ಲಿದೆ ಎಂದು ನಕಾಶೆ ತಿಳಿದರೆ, ಅಲ್ಲಿನ ಕಡಿಮೆ ವೇಗಮಿತಿ ಮೀರಿದ ಆರೋಪ ಚಾಲಕನ ತಲೆಗೆ.

ಇದನ್ನು ಪತ್ತೆ ಮಾಡುವ ದಾರಿ ಆ ದತ್ತಾಂಶದಲ್ಲೇ ಇದೆ. ಸಾರ್ವಜನಿಕ ಸೇವಾ ವಾಹನಗಳ ಟ್ರ್ಯಾಕರ್‌ಗಳಿಗೆ ಅನ್ವಯಿಸುವ ಎಐಎಸ್–140 ಮಾನದಂಡದ ಪ್ರಕಾರ, ವೇಗದ ಜೊತೆಗೆ ಎಷ್ಟು ಉಪಗ್ರಹ ಸಿಕ್ಕಿದ್ದವು, ಸ್ಥಾನ ಎಷ್ಟು ನಂಬಲರ್ಹ ಎಂಬ ಅಂಕಿಗಳೂ ಸರ್ವರ್‌ಗೆ ಹೋಗುತ್ತವೆ. ಅವನ್ನು ನೋಡದೆ, ಹಿಂದಿನ ಮತ್ತು ಮುಂದಿನ ಕ್ಷಣಗಳ ವೇಗವನ್ನೂ ಹೋಲಿಸದೆ ದಂಡ ಹಾಕುವುದು ಅನ್ಯಾಯ.

ತರಕಾರಿ ತೂಗುವ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ವೇಗ ಅಳೆಯುವ ರಡಾರ್ ಉಪಕರಣಗಳ ಪರಿಶೀಲನೆಗೂ ಕೇಂದ್ರ ಸರ್ಕಾರ 2025ರಲ್ಲಿ ನಿಯಮ ತಂದಿದೆ. ಚಾಲಕನ ಕೂಲಿ ಕಡಿಯುವ ಟ್ರ್ಯಾಕರ್ ಅಂಕಿಗೂ ಅಂಥದ್ದೊಂದು ಕಟ್ಟುಪಾಡನ್ನು ಸಾರಿಗೆ ಇಲಾಖೆ ರೂಪಿಸಬೇಕು. ದಂಡ ಹಾಕುವ ಮುನ್ನ ಆ ಹೊತ್ತಿನ ಪೂರ್ಣ ದಾಖಲೆಯನ್ನು ಚಾಲಕನ ಕೈಗೆ ಕೊಡುವುದು ಕಡ್ಡಾಯವಾಗಲಿ. ನನ್ನ ದಾಖಲೆಯನ್ನು ನಾನು ಲಿಖಿತವಾಗಿ ಕೇಳಿದ್ದೇನೆ, ಇನ್ನೂ ಬಂದಿಲ್ಲ.

– ಒಬ್ಬ ಮ್ಯಾಕ್ಸಿಕ್ಯಾಬ್ ಚಾಲಕ, ಮೂಡಿಗೆರೆ