ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಬೈಕಿನ ಕರೆಂಟು ಪೂರ್ತಿ ಹೋಗುತ್ತಿದ್ದ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಮೋಟಾರ್ ಸೈಕಲ್ ತಯಾರಿಕಾ ಕಂಪನಿ.
ಪ್ರತಿ: ವ್ಯವಸ್ಥಾಪಕರು, ಅಧಿಕೃತ ಸರ್ವಿಸ್ ಸೆಂಟರ್, ಹಾಸನ.

ವಿಷಯ: ದೋಷ ಹುಡುಕದೆ ಬಿಡಿಭಾಗಗಳನ್ನು ಬದಲಿಸಿ ಪಡೆದ ₹4,580 ಮರುಪಾವತಿ ಹಾಗೂ ಲಿಖಿತ ವಿವರಣೆ ಕೋರಿ.

ಮಾನ್ಯರೇ,

ತಮ್ಮ ಕಂಪನಿಯ ಫ್ಯೂಯೆಲ್ ಇಂಜೆಕ್ಷನ್ ಮೋಟಾರ್ ಸೈಕಲ್ಲನ್ನು ನಾನು 2022ರಲ್ಲಿ ಹೊಸದಾಗಿ ಖರೀದಿಸಿ, ಅಂದಿನಿಂದ ಪ್ರತಿಯೊಂದು ಸರ್ವಿಸನ್ನೂ ಸಕಲೇಶಪುರದಿಂದ ಹಾಸನದವರೆಗೆ ಹೋಗಿ ತಮ್ಮ ಅಧಿಕೃತ ಕೇಂದ್ರದಲ್ಲಿಯೇ ಮಾಡಿಸುತ್ತ ಬಂದಿದ್ದೇನೆ. ಕಳೆದ ಮಳೆಗಾಲದಿಂದ ಈ ವಾಹನದಲ್ಲಿ ವಿದ್ಯುತ್ ಆಗಾಗ ಸಂಪೂರ್ಣವಾಗಿ ಕಡಿತವಾಗುತ್ತಿತ್ತು. ಅದಕ್ಕಾಗಿ ಮೂರು ಬಾರಿ ತಮ್ಮ ಕೇಂದ್ರಕ್ಕೆ ಬಂದು ಹಣ ಕೊಟ್ಟರೂ ದೋಷ ಹೋಗಲಿಲ್ಲ. ಕೊನೆಗೆ ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಒಂದು ಗಂಟೆಯೊಳಗೆ ಅದನ್ನು ಪತ್ತೆ ಹಚ್ಚಿ, ₹350 ಪಡೆದು ಸರಿಪಡಿಸಿದರು. ಯಂತ್ರವೆಂದ ಮೇಲೆ ಕೆಡುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ಕೆಟ್ಟದ್ದು ಯಾವುದೆಂದು ಯಾರೂ ನೋಡಲೇ ಇಲ್ಲ ಎಂಬುದು ನನ್ನ ದೂರು.

ದೋಷದ ಲಕ್ಷಣ ಹೀಗಿತ್ತು. ಬೈಕು ಓಡುತ್ತಿರುವಾಗ ಹೆಡ್‌ಲೈಟು, ಇಂಡಿಕೇಟರು, ಹಾರನ್ನು, ಮೀಟರಿನ ಸೂಚಕಗಳು ಎಲ್ಲವೂ ಒಮ್ಮೆಲೇ ಸತ್ತು ಎಂಜಿನ್ ನಿಲ್ಲುತ್ತಿತ್ತು. ಹ್ಯಾಂಡಲನ್ನು ನೇರ ಮಾಡಿದರೆ ಕೆಲವೊಮ್ಮೆ ತಕ್ಷಣ, ಕೆಲವೊಮ್ಮೆ ಮೂರು ನಾಲ್ಕು ನಿಮಿಷಗಳ ನಂತರ ಫ್ಯೂಯೆಲ್ ಪಂಪಿನ ಗುಂಯ್ ಎಂಬ ಸದ್ದಿನೊಡನೆ ಎಲ್ಲವೂ ಮರಳಿ ಬರುತ್ತಿತ್ತು, ಸೆಲ್ಫ್ ಒತ್ತಿದರೆ ಎಂಜಿನ್ ಎಂದಿನ ಬಿರುಸಿನಿಂದಲೇ ತಿರುಗುತ್ತಿತ್ತು. ಮೊದಲ ಸಲ ಜಡಿಮಳೆಯಲ್ಲಿ ಆದದ್ದರಿಂದ ನೀರು ಹೋಗಿರಬೇಕೆಂದು ನಾನೇ ತಪ್ಪು ತಿಳಿದಿದ್ದೆ. ಆದರೆ ಬಿಸಿಲಿನಲ್ಲೂ ಮರುಕಳಿಸಿದಾಗ ಗಮನವಿಟ್ಟು ನೋಡಿ, ಇದು ಹೆಚ್ಚುಕಡಿಮೆ ಪ್ರತಿ ಸಲವೂ ಹ್ಯಾಂಡಲನ್ನು ಎಡಕ್ಕೆ ಹೆಚ್ಚಾಗಿ ತಿರುಗಿಸಿದಾಗಲೇ ಆಗುತ್ತದೆ ಎಂಬುದನ್ನು ಗುರುತಿಸಿಕೊಂಡೆ.

ಮತ್ತೊಂದು ಸಂಗತಿಯನ್ನೂ ನಾನು ತಮ್ಮ ಸೂಪರ್‌ವೈಸರರಿಗೆ ಹೇಳಿದ್ದೆ. ಎಲ್ಲವೂ ಸತ್ತು ಮರಳಿ ಬಂದಾಗ ಮೀಟರಿನಲ್ಲಿರುವ ಗಡಿಯಾರ ಮಾತ್ರ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು. ಕೀ ತೆಗೆದಿಟ್ಟಾಗಲೂ ಗಡಿಯಾರ ನಡೆಯುತ್ತದೆ ಎಂದರೆ ಅದಕ್ಕೆ ಇಗ್ನಿಷನ್ ಸ್ವಿಚ್ಚಿನ (ಕೀ ತಿರುಗಿಸುವ ಸ್ವಿಚ್ಚಿನ) ಹಂಗಿಲ್ಲದೆ ಬ್ಯಾಟರಿಯಿಂದಲೇ ವಿದ್ಯುತ್ ಬರುತ್ತಿದೆ ಎಂದರ್ಥ. ಬ್ಯಾಟರಿಯ ಟರ್ಮಿನಲ್ ಸಡಿಲವಾಗಿ ಅಥವಾ ಅರ್ತ್ (ಬ್ಯಾಟರಿಯಿಂದ ಫ್ರೇಮಿಗೆ ಸೇರುವ ನೆಗೆಟಿವ್ ವೈರು) ಬಿಟ್ಟುಹೋಗಿ ಹೀಗಾಗಿದ್ದರೆ ಗಡಿಯಾರದ ಸಮಯವೂ ಅಳಿಸಿ, ಅದು ಆರಂಭದ ಅಂಕಿಗೆ ಮರಳಬೇಕಿತ್ತು. ತಮ್ಮವರು ಬ್ಯಾಟರಿ ಬಿಚ್ಚಿ ಬದಲಿಸಿದ ದಿನ ಅದು 1:00ಕ್ಕೆ ಮರಳಿತ್ತು, ನಾನೇ ಸಮಯ ಹೊಂದಿಸಿಕೊಂಡೆ. ಆದ್ದರಿಂದ ದೋಷವನ್ನು ಹುಡುಕಬೇಕಾದ ಜಾಗ ಬ್ಯಾಟರಿಯಲ್ಲ, ಇಗ್ನಿಷನ್ ಸ್ವಿಚ್ಚು ಮತ್ತು ಅದರ ವೈರುಗಳು ಎಂಬುದು ವಿದ್ಯುತ್ತಿನ ಪ್ರಾಥಮಿಕ ಪಾಠ ಓದಿದ ಯಾರಿಗಾದರೂ ಹೊಳೆಯುವಂಥದ್ದು. ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಮೆಕ್ಯಾನಿಕ್ ಅಲ್ಲ. ಮಾತು ಮುಗಿಸುವ ಮೊದಲೇ ಸೂಪರ್‌ವೈಸರರು 'ಸಾರ್, ನಾವು ನೋಡ್ಕೊಳ್ತೀವಿ ಬಿಡಿ' ಎಂದರು. ಜಾಬ್ ಕಾರ್ಡಿನಲ್ಲಿ ಬರೆದುಕೊಂಡದ್ದು 'ಸ್ಟಾರ್ಟಿಂಗ್ ಪ್ರಾಬ್ಲಂ' ಎಂಬ ಎರಡೇ ಪದ.

ನನ್ನ ದೃಷ್ಟಿಯಲ್ಲಿ ಮುಂದಿನ ಎಲ್ಲ ಅವಾಂತರಕ್ಕೂ ಮೂಲ ಆ ಎರಡು ಪದಗಳೇ. ಎಡಕ್ಕೆ ತಿರುಗಿಸಿದಾಗ ಎಂಬ ಮಾತು ಕಾಗದದ ಮೇಲೆ ಬಾರದೆ ಹೋದದ್ದರಿಂದ, ಒಳಗೆ ಕೆಲಸ ಮಾಡುವ ಹುಡುಗರು ಸೆಂಟರ್ ಸ್ಟ್ಯಾಂಡಿನ ಮೇಲೆ ಹ್ಯಾಂಡಲ್ ನೇರವಾಗಿಟ್ಟು ಎಂಜಿನ್ ಓಡಿಸಿ ನೋಡಿದರು, ಸಹಜವಾಗಿಯೇ ಏನೂ ಕಾಣಲಿಲ್ಲ. ಮೊದಲ ಸಲ ₹2,150ಕ್ಕೆ ಹೊಸ ಬ್ಯಾಟರಿ ಹಾಕಿ, ಹಳೆಯದನ್ನು ಅವರೇ ಇಟ್ಟುಕೊಂಡರು. ಎರಡನೇ ಸಲ ₹1,780ಕ್ಕೆ ಆರ್.ಆರ್. ಯೂನಿಟ್, ಅಂದರೆ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್, ಬದಲಿಸಿದರು. ಎಂಜಿನಿನ ವೇಗ ಏರಿಸಿ ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಟ್ಟರೆ 13.5ರಿಂದ 14.5 ವೋಲ್ಟಿನ ಆಸುಪಾಸು ಬರುತ್ತದೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಹಳೆಯ ಯೂನಿಟ್ಟಿನ ಅಂಥ ಅಳತೆ ಯಾವ ಕಾಗದದಲ್ಲೂ ಇಲ್ಲ. ಮೂರನೇ ಸಲ ಎರಡು ದಿನ ಇಟ್ಟುಕೊಂಡು, ವೈರುಗಳನ್ನು ಜೋಡಿಸುವ ಕಪ್ಲರುಗಳಿಗೆ ಸ್ಪ್ರೇ ಹೊಡೆದು, 'ಪ್ರಾಬ್ಲಂ ನಾಟ್ ಫೌಂಡ್' ಎಂದು ಬರೆದು ₹650 ಕೂಲಿ ಪಡೆದರು. ಸಿಗದ ದೋಷಕ್ಕೂ ಕೂಲಿಯೇ ಎಂದು ಕೌಂಟರಿನಲ್ಲಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಅದೇ ವಾರ ರಾತ್ರಿ ಎಂಟರ ಸುಮಾರಿಗೆ ದೋಣಿಗಾಲ್ ಕಡೆ ರಾಷ್ಟ್ರೀಯ ಹೆದ್ದಾರಿ 75ರಿಂದ ಎಡಕ್ಕೆ ಎಸ್ಟೇಟ್ ರಸ್ತೆಗೆ ಇಳಿಯುತ್ತಿದ್ದಾಗ ಬೈಕು ಅರ್ಧ ಡಾಂಬರಿನ ಮೇಲೆಯೇ ಸತ್ತು ನಿಂತಿತು. ಹಿಂದಿನ ಕೆಂಪು ದೀಪವಿಲ್ಲ, ಇಂಡಿಕೇಟರ್ ಇಲ್ಲ, ಹಿಂದೆ ಲಾರಿ. ಚಾಲಕ ಬ್ರೇಕ್ ಒತ್ತಿದ ಸದ್ದು ಕೇಳಿ ನಾನು ಬೈಕನ್ನು ಕಾಲಿನಿಂದಲೇ ಚರಂಡಿಯತ್ತ ತಳ್ಳಿದೆ. ಹಗಲಲ್ಲೂ ದ್ವಿಚಕ್ರ ವಾಹನ ಕಣ್ಣಿಗೆ ಬೀಳಲಿ ಎಂದು 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟು ಸದಾ ಉರಿಯುವಂತೆ ನಿಯಮ ಮಾಡಿರುವ ದೇಶದಲ್ಲಿ, ಕಗ್ಗತ್ತಲಿನಲ್ಲಿ ಒಂದು ದೀಪವೂ ಇಲ್ಲದೆ ಹೆದ್ದಾರಿಯ ಮೇಲೆ ನಿಲ್ಲುವುದು ಎಂಥ ಅಪಾಯವೆಂದು ತಾವೇ ಊಹಿಸಬಹುದು.

ಮರುದಿನ ನಮ್ಮೂರಿನ ಎಲೆಕ್ಟ್ರಿಷಿಯನ್ ಕೇಳಿದ ಮೊದಲ ಪ್ರಶ್ನೆ, 'ಯಾವ ಕಡೆ ತಿರುಗಿಸ್ದಾಗ ಹೋಗುತ್ತೆ?' ಎಂಬುದು. ಹೆಡ್‌ಲೈಟ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಅರ್ತಿಗೂ ಇನ್ನೊಂದನ್ನು ಇಗ್ನಿಷನ್ ಸ್ವಿಚ್ಚಿನಿಂದ ಹೊರಡುವ ವೈರು ಮುಖ್ಯ ಹಾರ್ನೆಸ್ (ಬೈಕಿನ ವೈರುಗಳ ಕಟ್ಟು) ಸೇರುವ ಕಡೆಗೂ ಕೊಟ್ಟು ಹ್ಯಾಂಡಲ್ ಎಡಕ್ಕೆ ಎಳೆದರು, ಲ್ಯಾಂಪ್ ಆರಿತು. ನೇರ ಮಾಡಿದರು, ಹತ್ತಿತು. ಆಗಲೂ ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿಯಲ್ಲಿ 12.4 ವೋಲ್ಟ್ ಇದ್ದರೆ ಆ ವೈರಿನ ಆಚೆ ತುದಿಗೆ ತಲುಪುತ್ತಿದ್ದದ್ದು 10.9 ಮಾತ್ರ. ಹ್ಯಾಂಡಲಿನ ಕುತ್ತಿಗೆಯ ಬಳಿ ಟೇಪು ಬಿಚ್ಚಿದಾಗ ವೈರಿನ ಮೇಲ್ಹೊದಿಕೆ ಹಾಗೆಯೇ ಇತ್ತು, ಒಳಗೆ ತಾಮ್ರದ ಎಳೆಗಳು ಹಸಿರುಗಟ್ಟಿ ತುಂಡಾಗಿ ಎರಡು ಮೂರು ಮಾತ್ರ ಉಳಿದಿದ್ದವು. ತುಂಡಾದ ಭಾಗವನ್ನು ಕತ್ತರಿಸಿ ಹೊಸ ವೈರು ಬೆಸುಗೆ ಹಾಕಿದರು. ಅಂದಿನಿಂದ ಎರಡು ತಿಂಗಳಾಯಿತು, ಒಮ್ಮೆಯೂ ಕಡಿತವಾಗಿಲ್ಲ.

ವೈರು ತುಂಡಾದದ್ದು ಏಕೆ ಎಂಬುದನ್ನೂ ತಾವು ಗಮನಿಸಬೇಕು. ಅದೇ ಜಾಗದಲ್ಲಿ ವೈರುಗಳನ್ನು ಫ್ರೇಮಿಗೆ ಬಿಗಿದು ಕಟ್ಟಿದ್ದ ಬಿಳಿಯ ಪ್ಲಾಸ್ಟಿಕ್ ಟ್ಯಾಗ್ ಒಂದಿತ್ತು. ಬೈಕಿನ ಉಳಿದೆಲ್ಲ ಕಡೆ ಕಂಪನಿಯಿಂದ ಬಂದ ಟ್ಯಾಗುಗಳು ಕಪ್ಪು. ಹ್ಯಾಂಡಲ್ ತಿರುಗುವಾಗ ವೈರಿಗೆ ಆಡಲು ಸಡಿಲವಿರಬೇಕು. ಇಲ್ಲಿ ಸಡಿಲವೇ ಇರಲಿಲ್ಲ, ಪ್ರತಿ ತಿರುವಿನಲ್ಲೂ ಅದೇ ಬಿಂದುವಿನಲ್ಲಿ ಬಾಗಿ ಬಾಗಿ ಎಳೆಗಳು ಕಡಿದಿವೆ. ಈ ದೋಷ ಶುರುವಾಗುವ ಏಳು ತಿಂಗಳ ಮೊದಲು ತಮ್ಮ ಕೇಂದ್ರದಲ್ಲಿಯೇ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕುತ್ತಿಗೆಯ ಬೇರಿಂಗ್) ಬದಲಿಸಲಾಗಿದೆ, ಅದರ ಬಿಲ್ಲು ನನ್ನಲ್ಲಿದೆ. ಬೇರೆ ಯಾರೂ ಆ ಭಾಗವನ್ನು ಬಿಚ್ಚಿಲ್ಲವಾದ್ದರಿಂದ ಆ ಬಿಳಿಯ ಟ್ಯಾಗ್ ಎಲ್ಲಿಂದ ಬಂತೆಂದು ಹೇಳುವ ಹೊಣೆ ತಮ್ಮದು.

ಆದ್ದರಿಂದ ಅನಗತ್ಯವಾಗಿ ಬದಲಿಸಿದ ಬ್ಯಾಟರಿ, ಆರ್.ಆರ್. ಯೂನಿಟ್ ಹಾಗೂ ಕೂಲಿ ಸೇರಿ ₹4,580ನ್ನೂ, ಹೊರಗೆ ಕೊಟ್ಟ ₹350ನ್ನೂ ಮರುಪಾವತಿಸಬೇಕು. ಬದಲಿಸುವ ಮುನ್ನ ಮಾಡಿದ ಪರೀಕ್ಷೆಗಳು ಯಾವುವು, ಬಂದ ಅಳತೆಗಳೇನು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಅದೇ ಕೇಂದ್ರದಲ್ಲಿ ಕೋನ್ ಸೆಟ್ ಬದಲಿಸಿಕೊಂಡ ಇತರ ಬೈಕುಗಳ ವೈರಿಂಗನ್ನು ಕರೆಸಿ ನೋಡಬೇಕೆಂಬ ಕೋರಿಕೆಯನ್ನು ತಾವು ಹಣಕ್ಕಿಂತ ಮೊದಲು ಪರಿಗಣಿಸಿದರೂ ನನ್ನ ಅಭ್ಯಂತರವಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಗಾಗಿ ಹಾಸನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ದೂರು ದಾಖಲಿಸುತ್ತೇನೆ. ತುಂಡಾದ ವೈರು ಮತ್ತು ಬಿಳಿಯ ಟ್ಯಾಗನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ತಮ್ಮ ಎಂಜಿನಿಯರು ಬಂದು ನೋಡಬಹುದು, ಕೊಂಡೊಯ್ಯಲು ಮಾತ್ರ ಕೊಡಲಾರೆ.

ಲಗತ್ತು: ಮೂರು ಜಾಬ್ ಕಾರ್ಡ್ ಮತ್ತು ಬಿಲ್ಲುಗಳ ನಕಲು, ಕೋನ್ ಸೆಟ್ ಬಿಲ್ಲಿನ ನಕಲು, ಎಲೆಕ್ಟ್ರಿಷಿಯನ್ ಕೊಟ್ಟ ರಸೀದಿ, ವೈರಿನ ನಾಲ್ಕು ಫೋಟೋಗಳು.

ತಮ್ಮ ವಿಶ್ವಾಸಿ,
ವಾಹನದ ಮಾಲೀಕ,
ಸಕಲೇಶಪುರ