ಚಾವಿ ತೆಗೆದರೂ ಸೆಲ್ಫ್ ನಿಲ್ಲದಿದ್ದರೆ ಬಿಚ್ಚಬೇಕಾದ್ದು ಫ್ಯೂಸ್ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಮಳೆ ನಿಂತು ರಸ್ತೆ ಒಣಗಿತೆಂದರೆ ಹುಬ್ಬಳ್ಳಿ-ಧಾರವಾಡದ ಹುಡುಗರು ಹಳೆ ಥಂಡರ್‌ಬರ್ಡ್, ಅವೆಂಜರ್, ಕರಿಜ್ಮಾ ಬೈಕುಗಳಿಗೆ ಬ್ಯಾಗು ಬಿಗಿದುಕೊಂಡು ಅರಬೈಲ್ ಘಟ್ಟ ಇಳಿದು ಅಂಕೋಲಾ, ಕಾರವಾರದ ಕಡೆ ಹೊರಡುತ್ತಾರೆ. ಗ್ಯಾರೇಜುಗಳಿಗೆ ಫೋನಿನಲ್ಲಿ ಬರುವ ಒಂದು ದೂರು ಆಗ ಹೆಚ್ಚುತ್ತದೆ: “ಚಾವಿ ತೆಗದ್ರೂ ಸೆಲ್ಫ್ ನಿಂದ್ರವಲ್ದು.” ಸ್ಟಾರ್ಟರ್ ರಿಲೇ, ಅಂದರೆ ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂಟಿಕೊಂಡಿದೆ ಎಂದು ಸಾಮಾನ್ಯವಾಗಿ ಇದರರ್ಥ. ಯಾವುದೋ ಒಂದು ಕಂಪನಿಯ ಗಾಡಿಗೆ ಮಾತ್ರ ಬರುವ ರೋಗ ಇದಲ್ಲ. ಸೆಲ್ಫ್ ಇರುವ ಯಾವ ಗಾಡಿಗಾದರೂ ವಯಸ್ಸಾದ ಮೇಲೆ ಬರಬಹುದು. ಆದರೆ ಆ ಹೊತ್ತಿನಲ್ಲಿ ಜನ ಮಾಡುವ ಕೆಲಸಗಳು ರೋಗಕ್ಕಿಂತ ಅಪಾಯದವು, ಅದಕ್ಕೇ ಈ ಪತ್ರ.

ಬ್ಯಾಟರಿಯಿಂದ ದಪ್ಪ ಕೇಬಲ್ ನೇರವಾಗಿ ರಿಲೇಗೆ, ರಿಲೇಯಿಂದ ಇನ್ನೊಂದು ದಪ್ಪ ಕೇಬಲ್ ಸೆಲ್ಫ್ ಮೋಟಾರಿಗೆ ಹೋಗುತ್ತದೆ. ಈ ದಾರಿಯಲ್ಲಿ ಚಾವಿಯೂ ಇಲ್ಲ, ಕಿಲ್ ಸ್ವಿಚ್ಚೂ ಇಲ್ಲ, ಹೆಚ್ಚಿನ ಗಾಡಿಗಳಲ್ಲಿ ಫ್ಯೂಸೂ ಇಲ್ಲ. ಚಾವಿ ಮತ್ತು ಬಟನ್ ನಿಯಂತ್ರಿಸುವುದು ರಿಲೇಯೊಳಗಿನ ಸಣ್ಣ ಕಾಯಿಲ್ ಅನ್ನು (ಕರೆಂಟ್ ಕೊಟ್ಟರೆ ಅಯಸ್ಕಾಂತವಾಗುವ ತಂತಿಸುರುಳಿಯನ್ನು) ಮಾತ್ರ. ಕಾಯಿಲ್ ಎಳೆದಾಗ ತಾಮ್ರದ ಬಿಲ್ಲೆಯೊಂದು ಎರಡು ದಪ್ಪ ಪಾಯಿಂಟ್‌ಗಳನ್ನು ಜೋಡಿಸುತ್ತದೆ, ಬಿಟ್ಟಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ಬಿಲ್ಲೆ ಪಾಯಿಂಟ್‌ಗಳಿಗೆ ವೆಲ್ಡ್ ಆಗಿಬಿಟ್ಟರೆ ಚಾವಿ ಕಿತ್ತು ಜೇಬಿಗೆ ಹಾಕಿಕೊಂಡರೂ ಮೋಟಾರ್ ತಿರುಗುತ್ತಲೇ ಇರುತ್ತದೆ. ರಿಲೇ ಪಕ್ಕದಲ್ಲೇ ಇರುವ ಮೇನ್ ಫ್ಯೂಸ್ ಕಿತ್ತರೆ ಲೈಟು, ಹಾರ್ನು, ಇಗ್ನಿಷನ್ ಸತ್ತುಹೋಗುತ್ತವೆಯೇ ಹೊರತು ಸೆಲ್ಫ್ ನಿಲ್ಲುವುದಿಲ್ಲ.

ಇನ್ನು ಕೆಲವರು ಗೇರ್ ಹಾಕಿ, ಕ್ಲಚ್ ಬಿಟ್ಟು, ಬ್ರೇಕ್ ಒತ್ತಿ ಮೋಟಾರನ್ನು ಬಲವಂತವಾಗಿ ನಿಲ್ಲಿಸುತ್ತಾರೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ತಿರುಗುತ್ತಿರುವ ಮೋಟಾರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ಅದನ್ನು ಹಿಡಿದು ನಿಲ್ಲಿಸಿದರೆ ಆ ತಡೆ ಇಲ್ಲವಾಗಿ, ಎಲ್ಲಕ್ಕಿಂತ ಹೆಚ್ಚು ಕರೆಂಟ್ ಎಳೆಯುವುದು ಆಗಲೇ. ಕೇಬಲ್ಲಿನ ಪ್ಲಾಸ್ಟಿಕ್ ಕರಗುತ್ತದೆ, ಮೇಲೆ ಪೆಟ್ರೋಲ್ ಟ್ಯಾಂಕ್ ಇರುತ್ತದೆ.

ಹಾಗಾಗಿ ನ್ಯೂಟ್ರಲ್ ಮಾಡಿ, ಸ್ಟ್ಯಾಂಡ್ ಹಾಕಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್‌ಗೆ ಕೈ ಹಾಕಬೇಡಿ. ಗಾಡಿಯ ಚಾಸಿ (ಲೋಹದ ಚೌಕಟ್ಟು) ನೆಗೆಟಿವ್‌ಗೇ ಜೋಡಿಸಿರುವುದರಿಂದ, ಪಾನಾ ಜಾರಿ ಅದಕ್ಕೆ ತಾಗಿದರೆ ನೇರ ಶಾರ್ಟ್ ಆಗುತ್ತದೆ. ನೆಗೆಟಿವ್ ಬಿಚ್ಚುವಾಗ ತಾಗಿದರೆ ಏನೂ ಆಗದು. ಕೇಬಲ್ ಎತ್ತುವ ಕ್ಷಣಕ್ಕೆ ಕಿಡಿ ಬರುವುದು ಖಚಿತ, ಆದ್ದರಿಂದ ಮುಖ ದೂರವಿಟ್ಟು ಒಂದೇ ಎಳೆತಕ್ಕೆ ಎತ್ತಬೇಕು. ಪೆಟ್ರೋಲ್ ಸೋರುವ ವಾಸನೆ ಇದ್ದರೆ ಮೊದಲು ಟ್ಯಾಂಕಿನ ಕಾಕ್ ಬಂದ್ ಮಾಡಿ. ನಟ್ ಸಡಿಲವಾಗಲು ತಡವಾದರೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಕೆಯಿಂದ ರಿಲೇಯ ಮೈಗೆ ಎರಡು-ಮೂರು ಏಟು ಕೊಟ್ಟರೆ ವೆಲ್ಡ್ ಬಿಟ್ಟುಕೊಳ್ಳುವುದುಂಟು. ಬಿಟ್ಟುಕೊಂಡಿತೆಂದು ಮತ್ತೆ ಬಟನ್ ಒತ್ತಿದರೆ ಮತ್ತೆ ಅಂಟುತ್ತದೆ. ಕಿಕ್ ಇದ್ದರೆ ಕಿಕ್ ಹೊಡೆಯಿರಿ, ಇಲ್ಲದಿದ್ದರೆ ತಳ್ಳಿ ಸ್ಟಾರ್ಟ್ ಮಾಡಿ ಊರು ಸೇರಿ.

ಟೂರಿಂಗ್ ಗಾಡಿಗಳಲ್ಲಿ ಇದಕ್ಕೊಂದು ವಿಶೇಷ ತೊಡಕು ಇದೆ. ಬ್ಯಾಟರಿ ಇರುವುದು ಸೈಡ್ ಪ್ಯಾನೆಲ್ ಅಥವಾ ಸೀಟಿನ ಕೆಳಗೆ, ಅದರ ಮೇಲೆ ಸ್ಯಾಡಲ್ ಬ್ಯಾಗು, ಬ್ಯಾಗಿನ ಮೇಲೆ ಬಂಜಿ ಹಗ್ಗ. 10 ಎಂಎಂ ಪಾನಾ ಮಾತ್ರ ಸೀಟಿನ ಕೆಳಗಿನ ಟೂಲ್‌ಕಿಟ್‌ನಲ್ಲಿ! ಪಾನಾ ಟ್ಯಾಂಕ್ ಬ್ಯಾಗಿನಲ್ಲೋ ಜಾಕೆಟ್ಟಿನಲ್ಲೋ ಇರಲಿ. ಹೊರಡುವ ಮುನ್ನ ಬ್ಯಾಗು ಕಟ್ಟಿದ ಗಾಡಿಯಲ್ಲೇ ನೆಗೆಟಿವ್ ಟರ್ಮಿನಲ್ಲಿಗೆ ಕೈ ಎಟುಕುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ತಪ್ಪು ರಿಲೇಯದೋ ಅಲ್ಲವೋ ಎಂದು ತಿಳಿಯುವುದು ಸುಲಭ. ಚಾವಿ ಆಫ್ ಮಾಡಿದಾಗ ಸೆಲ್ಫ್ ನಿಂತು, ಆನ್ ಮಾಡಿದ ಕೂಡಲೇ ಬಟನ್ ಮುಟ್ಟದಿದ್ದರೂ ತಿರುಗಿದರೆ ಪಾಯಿಂಟ್ ವೆಲ್ಡ್ ಆಗಿಲ್ಲ, ಕಾಯಿಲ್‌ಗೆ ಎಲ್ಲಿಂದಲೋ ಕರೆಂಟ್ ಸಿಗುತ್ತಿದೆ. ಹ್ಯಾಂಡಲ್ ಮೇಲಿನ ಬಟನ್ ಒಳಗೆ ಮಳೆನೀರು ಹೊಕ್ಕು ಹಸಿರು ಕಿಲುಬು ಕಟ್ಟಿರಬಹುದು. ಇಲ್ಲವೇ ಎರೆಮಣ್ಣಿನ ಧೂಳು ಗ್ರೀಸಿಗೆ ಅಂಟಿ ಬಟನ್ ಹಿಂದಕ್ಕೆ ಬರದಿರಬಹುದು. ಗದಗ, ರೋಣ, ನವಲಗುಂದದ ಗಾಡಿಗಳಲ್ಲಿ ಇದನ್ನೇ ಮೊದಲು ನೋಡಬೇಕು. ಬಟನ್ ಮೂಲಕ ಅರ್ಥ್ ಕೊಡುವ ವೈರಿಂಗ್ ಆದರೆ, ಹ್ಯಾಂಡಲ್ ತಿರುಗುವ ಕುತ್ತಿಗೆಯ ಬಳಿ ವೈರಿನ ಸಿಪ್ಪೆ ಸುಲಿದು ಚಾಸಿಗೆ ತಾಗಿದರೂ ಹೀಗೇ ಆಗುತ್ತದೆ. ಅನುಮಾನ ಉಳಿದರೆ ರಿಲೇಯ ಸಣ್ಣ ವೈರುಗಳ ಕಪ್ಲರ್ ಬಿಚ್ಚಿ. ಆಗಲೂ ಮೋಟಾರ್ ತಿರುಗುತ್ತಿದ್ದರೆ ರಿಲೇಯೇ ಕಳ್ಳ.

ಬಿಚ್ಚಿ ತೆಗೆದ ರಿಲೇಯನ್ನು ಮೇಜಿನ ಮೇಲೆ ಪರೀಕ್ಷಿಸಲು ಸಾಮಾನ್ಯ ಮಲ್ಟಿಮೀಟರ್ ಸಾಕು. ಮೀಟರನ್ನು ಬೀಪ್ (ಕಂಟಿನ್ಯುಟಿ) ಸ್ಥಾನದಲ್ಲಿಟ್ಟಾಗ ಎರಡು ದಪ್ಪ ಬೋಲ್ಟ್‌ಗಳ ನಡುವೆ ಬೀಪ್ ಬರಬಾರದು, ಬಂದರೆ ಅಂಟಿದೆ. ಸಣ್ಣ ಪಿನ್ನುಗಳ ನಡುವೆ ಕಾಯಿಲ್ ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸುತ್ತದೆ. ಆ ಪಿನ್ನುಗಳಿಗೆ 12 ವೋಲ್ಟ್ ಕೊಟ್ಟಾಗ ಟಕ್ ಎಂಬ ಸದ್ದಿನೊಂದಿಗೆ ದಪ್ಪ ಬೋಲ್ಟ್‌ಗಳ ನಡುವೆ ಬೀಪ್ ಬರಬೇಕು, ತೆಗೆದ ಕೂಡಲೇ ನಿಲ್ಲಬೇಕು. ಕೆಲವು ರಿಲೇಗಳಲ್ಲಿ ಕಾಯಿಲ್‌ಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುತ್ತದೆ, ಅಂಥದ್ದಕ್ಕೆ ಪ್ಲಸ್-ಮೈನಸ್ ಅದಲುಬದಲು ಮಾಡಬೇಡಿ.

ರಿಲೇ ಬದಲಿಸುವುದು ಹತ್ತು ನಿಮಿಷದ ಕೆಲಸ, ಆದರೆ ಅಲ್ಲಿಗೆ ರಿಪೇರಿ ಮುಗಿಯಿತು ಎಂದು ಗಾಡಿ ಕೊಟ್ಟು ಕಳಿಸುವುದೇ ನಮ್ಮ ಕಡೆಯ ದೊಡ್ಡ ಲೋಪ. ಪಾಯಿಂಟ್ ಸುಮ್ಮನೆ ವೆಲ್ಡ್ ಆಗುವುದಿಲ್ಲ. ಬ್ಯಾಟರಿ ಸೊರಗಿದ್ದಾಗ ಬಟನ್ ಒತ್ತಿದರೆ ಬಿಲ್ಲೆ ಪಾಯಿಂಟಿಗೆ ತಾಗುತ್ತದೆ. ತಾಗಿದ ತಕ್ಷಣ ಮೋಟಾರ್ ಎಳೆಯುವ ಕರೆಂಟಿಗೆ ವೋಲ್ಟೇಜ್ ಕುಸಿಯುತ್ತದೆ. ಕುಸಿದಾಗ ಕಾಯಿಲ್ ಹಿಡಿತ ಬಿಟ್ಟು ಬಿಲ್ಲೆ ಹಿಂದೆ ಸರಿಯುತ್ತದೆ. ಸರಿದಾಗ ವೋಲ್ಟೇಜ್ ಚೇತರಿಸಿ ಮತ್ತೆ ಎಳೆಯುತ್ತದೆ. ಸೀಟಿನ ಕೆಳಗಿನಿಂದ ಕೇಳುವ ಕಟಕಟ ಸದ್ದು ಇದೇ. ಪ್ರತಿ ಸಲವೂ ಒಳಗೆ ಕಿಡಿ ಹಾರಿ ತಾಮ್ರ ಒಂದಿಷ್ಟು ಕರಗುತ್ತದೆ, ಕರಗಿದ್ದು ಆರುವಾಗ ಬಿಲ್ಲೆಯನ್ನು ಹಿಡಿದುಕೊಳ್ಳುತ್ತದೆ. ಕಟಕಟ ಕೇಳಿದರೂ ಹೆಬ್ಬೆರಳು ತೆಗೆಯದೆ ಒತ್ತಿ ಹಿಡಿಯುವವರ ರಿಲೇಯೇ ಮೊದಲು ಅಂಟುವುದು.

ಆದ್ದರಿಂದ ಹೊಸ ರಿಲೇ ಕೂರಿಸಿದ ಮೇಲೆ ಮೀಟರ್ ಕೆಳಗಿಡಬೇಡಿ. ರಾತ್ರಿಯೆಲ್ಲ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇರಬೇಕು, 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲ. ಎಂಜಿನ್ ಓಡುತ್ತ ಆಕ್ಸಿಲರೇಟರ್ ಸ್ವಲ್ಪ ಏರಿಸಿದಾಗ 13.8ರಿಂದ 14.5ರ ಒಳಗೆ ಬರದಿದ್ದರೆ ಚಾರ್ಜಿಂಗ್ ಕಡೆ ನೋಡಬೇಕು. ಆಮೇಲೆ ಸೆಲ್ಫ್ ಹೊಡೆಯುತ್ತ ರಿಲೇಯ ಎರಡು ದಪ್ಪ ಬೋಲ್ಟ್‌ಗಳ ನಡುವಿನ ವೋಲ್ಟೇಜ್ ಅಳೆಯಿರಿ: 0.2-0.3 ಸರಿ, ಅರ್ಧ ವೋಲ್ಟ್ ದಾಟಿದರೆ ಒಳಗಿನ ಪಾಯಿಂಟ್ ಅಥವಾ ಹೊರಗಿನ ನಟ್ ಸರಿಯಿಲ್ಲ. ಬ್ಯಾಟರಿ ನೆಗೆಟಿವ್ ಮತ್ತು ಎಂಜಿನ್ ಮೈ ನಡುವೆಯೂ ಅದೇ ಲೆಕ್ಕ. ಹಳೆ ಗಾಡಿಗಳಲ್ಲಿ ಅರ್ಥಿಂಗ್ ಬೋಲ್ಟ್ ಕೆಳಗೆ ಪೇಂಟು, ತುಕ್ಕು ಕೂತಿರುತ್ತದೆ. ಪಾಲಿಶ್ ಪೇಪರಿನಿಂದ ಉಜ್ಜಿ ಬಿಗಿದರೆ ಎಷ್ಟೋ ಸಲ ಬ್ಯಾಟರಿ ಬದಲಿಸುವ ಖರ್ಚೇ ಉಳಿಯುತ್ತದೆ.

ಫಾಗ್ ಲ್ಯಾಂಪಿನ ಹುಚ್ಚಿನ ಬಗ್ಗೆಯೂ ಹೇಳಲೇಬೇಕು. 40 ವ್ಯಾಟಿನ ಎರಡು ದೀಪ ಎಂದರೆ ಸುಮಾರು ಆರೂವರೆ ಆಂಪಿಯರ್. ಎಂಜಿನ್ ನಿಲ್ಲಿಸಿ ಕಾಲು ಗಂಟೆ ಫೋಟೊಕ್ಕೆಂದು ಉರಿಸಿದರೆ 9 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಒಂದೂವರೆಗೂ ಮೀರಿ ಖಾಲಿ. ಮೇಲಾಗಿ ಇವುಗಳ ವೈರನ್ನು ರಿಲೇಯ ಬ್ಯಾಟರಿ ಬೋಲ್ಟ್‌ಗೇ ಸುತ್ತಿ ನಟ್ ಹಾಕುತ್ತಾರೆ. ಅಲ್ಲಿ ಮುಖ್ಯ ಕೇಬಲ್ಲಿನ ರಿಂಗ್ ಸರಿಯಾಗಿ ಕೂರುವುದಿಲ್ಲ, ಬಿಸಿಯಾಗುತ್ತದೆ. ವಾಟರ್ ಸರ್ವಿಸ್‌ನಲ್ಲಿ ಸೈಡ್ ಪ್ಯಾನೆಲ್ ಸಂದಿಗೆ ಪ್ರೆಶರ್ ಗನ್ ಹಿಡಿಯುವುದೂ ರಿಲೇಗೆ ಕೇಡು. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದರೆ ವೆಲ್ಡ್ ಇಲ್ಲದಿದ್ದರೂ ಬಿಲ್ಲೆ ಹಿಂದೆ ಸರಿಯದು.

ರಿಲೇ ಕೂರಿಸುವಾಗ ನಟ್ ಜೊತೆ ಬೋಲ್ಟೇ ತಿರುಗದಂತೆ ನೋಡಿಕೊಳ್ಳಿ, ತಿರುಗಿದರೆ ಒಳಗಿನ ಪಾಯಿಂಟ್ ಓರೆಯಾಗುತ್ತದೆ. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬ್ಯಾಟರಿ ಕಡೆಯ ಕೇಬಲ್ ಮೋಟಾರ್ ಕಡೆಗೆ ಹೋದರೆ ಕೆಲವು ಗಾಡಿಗಳಲ್ಲಿ ಇಡೀ ವೈರಿಂಗ್‌ಗೆ ಕರೆಂಟ್ ಸಿಗದೆ, ಇಲ್ಲದ ಹೊಸ ತಪ್ಪು ಹುಡುಕುತ್ತ ಕೂರಬೇಕಾಗುತ್ತದೆ. ಬಹಳ ಹೊತ್ತು ನಿಲ್ಲದೆ ತಿರುಗಿದ ಮೋಟಾರನ್ನು ಬಿಚ್ಚಿ ಕಾರ್ಬನ್ ಬ್ರಷ್ ನೋಡದೆ ಮುಂದಿನ ಪ್ರವಾಸಕ್ಕೆ ಹೊರಡಬೇಡಿ.

ಹಳೆ ರಿಲೇಯ ಮುಚ್ಚಳ ಎಬ್ಬಿಸಿ, ಪಾಯಿಂಟ್ ಉಜ್ಜಿ, ಎಮ್-ಸೀಲ್ ಬಳಿದು ಮತ್ತೆ ಹಾಕುವ ಪದ್ಧತಿ ನಮ್ಮಲ್ಲಿದೆ. ಸ್ಪೇರ್ ಎಲ್ಲೂ ಸಿಗದ ಗಾಡಿಗೆ, ಬಿಲ್ಲೆಯನ್ನು ಮಗುಚಿ ಹಾಕಿ ಒಂದಷ್ಟು ದಿನ ದೂಡಬಹುದು. ಅಂಗಡಿಯಲ್ಲಿ ಹೊಸದು ಸಿಗುವ ಗಾಡಿಗೆ ಇದನ್ನು ಮಾಡಿದರೆ ಬಿಸಿಗೆ ಬಲ ಕಳೆದುಕೊಂಡ ಸ್ಪ್ರಿಂಗನ್ನೇ ಮತ್ತೆ ನಂಬಿದಂತೆ.

ಬಿಡಿಭಾಗದ ಅಂಗಡಿಯವರಲ್ಲಿ ಒಂದು ವಿನಂತಿ. ನಕಲಿ ರಿಲೇಗಳು ಹೊರಗಿನಿಂದ ಅಸಲಿಯಂತೆಯೇ ಕಾಣುತ್ತವೆ, ಡಬ್ಬಿ ನೋಡಿ ಹೇಳಲಾಗದು. ಕೌಂಟರಿನ ಮೇಲೆ ಒಂದು 12 ವೋಲ್ಟ್ ಬ್ಯಾಟರಿ, ಎರಡು ವೈರ್, ಒಂದು ಮೀಟರ್ ಇಟ್ಟು, ಗಿರಾಕಿಯ ಎದುರೇ ಕಾಯಿಲ್ ಓಮ್ ಮತ್ತು ಟಕ್ ಸದ್ದು ಪರೀಕ್ಷಿಸಿ ಕೊಡಿ. ಎಲೆಕ್ಟ್ರಿಕಲ್ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಬೋರ್ಡ್ ಹಾಕಿರುವ ಅಂಗಡಿಗಳಲ್ಲಂತೂ ಇದು ಆಗಲೇಬೇಕು.

— ಹಳೆ ಬೈಕ್ ರಿಪೇರಿ ಕೆಲಸದ ಗೆಳೆಯರು, ಹುಬ್ಬಳ್ಳಿ